ಗುಡ್ಡ ಉಳಿಸಬೇಕಾ? ಮೊದಲು ಪಹಣಿ ತೆಗೆಸಿ

ಪ್ರಶ್ನೆ: ನಮ್ಮದು ಬಯಲುಸೀಮೆಯ ಸಣ್ಣ ಹಳ್ಳಿ. ಊರ ಪಕ್ಕದ ಗುಡ್ಡದಲ್ಲಿ ದನ, ಕುರಿ ಮೇಯುತ್ತವೆ. ಅಲ್ಲಿ ಬಿದ್ದ ಮಳೆಯೇ ನಮ್ಮ ಕೆರೆಗೆ ನೀರು. ಈಗ ಆ ಗುಡ್ಡದಲ್ಲಿ ಕಲ್ಲು ಕ್ವಾರಿ ಮಾಡಲು ಮೂರು ಜನ ಅರ್ಜಿ ಹಾಕಿದ್ದಾರೆ. ತಲಾ ನಾಲ್ಕೂವರೆ, ಐದು ಎಕರೆ. ಕೇಳಿದರೆ "ಸರ್ಕಾರಿ ಜಾಗ, ನಿಮಗೇನು?" ಅನ್ನುತ್ತಾರೆ. ನಾವು ಹುಡುಗರು ಸೇರಿ ವಾಟ್ಸಾಪ್ ಗುಂಪು ಮಾಡಿದ್ದೇವೆ. ರಸ್ತೆ ತಡೆ ಮಾಡಬೇಕು ಅಂತಿದ್ದೇವೆ. ಆದರೆ ಊರಲ್ಲೇ ಕೆಲವರು ಕೆಲಸ ಸಿಗುತ್ತದೆ ಅಂತ ಕ್ವಾರಿ ಪರ ಇದ್ದಾರೆ. ಇಂಥ ಹೋರಾಟ ಎಲ್ಲಾದರೂ ಗೆದ್ದಿದೆಯಾ? ನಾವು ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಪತ್ರದ ಜೊತೆ ಗುಡ್ಡದ ಹತ್ತು ಫೋಟೊ ಕಳಿಸಿದ್ದೀರಿ. ಕೆರೆಯ ಹೆಸರಿದೆ, ಅರ್ಜಿ ಹಾಕಿದವರ ಹೆಸರೂ ಇದೆ. ಇಲ್ಲದಿರುವುದು ಒಂದೇ, ಆ ಗುಡ್ಡದ ಸರ್ವೆ ನಂಬರ್. ಬೇಜಾರು ಮಾಡಿಕೊಳ್ಳಬೇಡಿ. ಈ ಇಪ್ಪತ್ತು ವರ್ಷದಲ್ಲಿ ನನಗೆ ಬಂದ ಇಂಥ ಪತ್ರಗಳಲ್ಲಿ ಹತ್ತಕ್ಕೆ ಒಂಬತ್ತು ಹೀಗೇ ಇರುತ್ತವೆ. ನಿಮಗೆ ಅದು ಗುಡ್ಡ. ತಾಲ್ಲೂಕು ಕಚೇರಿಗೆ ಅದು ಒಂದು ನಂಬರ್, ಅದರ ಮುಂದೆ ಒಂದು ಪದ. ಆ ಪದ ಏನು ಅನ್ನೋದರ ಮೇಲೆ ನಿಮ್ಮ ಅರ್ಧ ಹೋರಾಟ ನಿಂತಿದೆ.

ಹಾಗಾಗಿ ಮೊದಲು ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಗುಡ್ಡ ಹತ್ತಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಆಮೇಲೆ ಆ ನಂಬರಿನ ಪಹಣಿ ತೆಗೆಸಿ. ಒಂದು ವರ್ಷದ್ದು ಸಾಲದು, ಸಿಕ್ಕಷ್ಟು ಹಳೆಯದೂ ಬೇಕು. ಅಲ್ಲಿ 'ಗೋಮಾಳ' ಅಂತ ಇರಬಹುದು, 'ಸರ್ಕಾರಿ ಬೀಳು', 'ಅರಣ್ಯ' ಅಥವಾ 'ಖರಾಬು' ಅಂತಲೂ ಇರಬಹುದು. ಖರಾಬಿನಲ್ಲೂ 'ಅ', 'ಬ' ಅಂತ ಎರಡಿದೆ. ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ಜಾಗ 'ಬ' ಖರಾಬು. ಕಾಗದದಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ನೆಲದ ಮೇಲೆ ಅದು ಕೆರೆಗೆ ನೀರು ಬರುತ್ತದೋ ಇಲ್ಲವೋ ಅನ್ನುವಷ್ಟು ದೊಡ್ಡದು.

ಗೋಮಾಳ ಅಂತಿದ್ದರೆ "ಸರ್ಕಾರಿ ಜಾಗ, ನಿಮಗೇನು?" ಅನ್ನುವ ಮಾತು ಅರ್ಧ ಸುಳ್ಳು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ದನ ಮೇಯಲು ಬಿಟ್ಟ ಜಾಗವನ್ನು ಜಿಲ್ಲಾಧಿಕಾರಿಯ ಅನುಮತಿ ಇಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. 1966ರ ನಿಯಮಗಳಲ್ಲಿ ಲೆಕ್ಕವೂ ಇದೆ: 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ. ನಿಮ್ಮೂರಲ್ಲಿ ಎಷ್ಟು ದನ ಇವೆ? ಪಶು ಆಸ್ಪತ್ರೆಯಲ್ಲಿ ಜಾನುವಾರು ಗಣತಿಯ ಲೆಕ್ಕ ಸಿಗುತ್ತದೆ. ಈಗ ಉಳಿದಿರುವ ಗೋಮಾಳ ಆ ಲೆಕ್ಕಕ್ಕಿಂತ ಕಡಿಮೆ ಇದ್ದರೆ, ಆ ಮೂವರಿಗೆ ಇನ್ನೂ ಸುಮಾರು 14 ಎಕರೆ ಕೊಡುವುದು ಹೇಗೆ ಅಂತ ಕೇಳಬಹುದು. ಈ ಪ್ರಶ್ನೆಯನ್ನು ತಹಸೀಲ್ದಾರರು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. "ನಮ್ಮ ಗುಡ್ಡ ನಮ್ಮ ತಾಯಿ" ಅಂದರೆ ಅವರು ತಲೆ ಆಡಿಸಿ ಕಳಿಸುತ್ತಾರೆ. ಅವರಲ್ಲೂ ಹಳ್ಳಿಯಿಂದ ಬಂದವರಿದ್ದಾರೆ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಸಂಕಟವನ್ನು ಕಡತದಲ್ಲಿ ಬರೆಯಲು ಜಾಗ ಇಲ್ಲ. ಲೆಕ್ಕಕ್ಕೆ ಇದೆ.

ಪಹಣಿಯಲ್ಲಿ 'ಅರಣ್ಯ' ಅಂತ ಎಲ್ಲಾದರೂ ಕಂಡರೆ ಕಥೆಯೇ ಬೇರೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಸರ್ಕಾರದ ಯಾವುದೇ ದಾಖಲೆಯಲ್ಲಿ ಅರಣ್ಯ ಅಂತಿದ್ದರೆ, ಮಾಲೀಕರು ಯಾರೇ ಆಗಿರಲಿ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಆಗ ಕೇಂದ್ರದ ಒಪ್ಪಿಗೆ ಇಲ್ಲದೆ ಗಣಿಗಾರಿಕೆ ಇಲ್ಲ.

ಇನ್ನು ಗೆದ್ದಿದ್ದಾರಾ ಅಂತ ಕೇಳಿದ್ದೀರಿ. ಗೆದ್ದಿದ್ದಾರೆ. ಆದರೆ ಒಬ್ಬೊಬ್ಬರು ತೆಗೆದ ಬೀಗ ಒಂದೊಂದು. ಒಬ್ಬರ ಕೀಲಿ ಇನ್ನೊಬ್ಬರ ಬೀಗಕ್ಕೆ ಹಾಕಿ ತಿರುವಿದರೆ ಕೀಲಿ ಮುರಿಯುತ್ತದೆ, ಅಷ್ಟೆ.

ಎಲ್ಲರೂ ಮೊದಲು ಹೇಳುವುದು ನಿಯಮಗಿರಿ. ಒಡಿಶಾದ ಆ ಬೆಟ್ಟದಲ್ಲಿ ಬಾಕ್ಸೈಟ್ ಇತ್ತು, ಡೊಂಗ್ರಿಯಾ ಕೊಂಧ್ ಜನರ ದೇವರೂ ಅಲ್ಲೇ. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ಗ್ರಾಮಸಭೆಗಳ ಅಭಿಪ್ರಾಯ ಕೇಳಿ ಅಂತ ಹೇಳಿತು. ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧಿಕಾರಿ ಎದುರಿಗೇ ಸಭೆ. ಆ ಜುಲೈ, ಆಗಸ್ಟ್‌ನಲ್ಲಿ 12 ಹಳ್ಳಿಗಳು ಸಭೆ ಸೇರಿದವು. 12 ಹಳ್ಳಿಗಳೂ ಬೇಡ ಅಂದವು. ಓದಿದರೆ ಮೈ ಜುಮ್ ಅನ್ನುತ್ತದೆ. ಆದರೆ ಅಲ್ಲಿನ ಕೀಲಿ 2006ರ ಅರಣ್ಯ ಹಕ್ಕು ಕಾಯ್ದೆ. ನಿಮ್ಮ ಜಾಗ ಕಂದಾಯ ಇಲಾಖೆಯ ಗೋಮಾಳ ಆಗಿದ್ದರೆ ಆ ಕಾಯ್ದೆ ನಿಮಗೆ ನೇರವಾಗಿ ಒದಗುವುದಿಲ್ಲ. ಸಂವಿಧಾನದ ಐದನೇ ಅನುಸೂಚಿಯಲ್ಲಿ ಬರುವ ಬುಡಕಟ್ಟು ಪ್ರದೇಶವೂ ಕರ್ನಾಟಕದಲ್ಲಿ ಇಲ್ಲ, ಹಾಗಾಗಿ ಅಂಥ ಪ್ರದೇಶದ ಗ್ರಾಮಸಭೆಗೆ ಹೆಚ್ಚಿನ ಅಧಿಕಾರ ಕೊಡುವ ಪೆಸಾ ಕಾಯ್ದೆಯೂ ಇಲ್ಲಿಗೆ ಬರುವುದಿಲ್ಲ. "ಗ್ರಾಮಸಭೆ ಬೇಡ ಅಂದ್ರೆ ಮುಗೀತು" ಅಂತ ಯಾರಾದರೂ ನಿಮಗೆ ಹೇಳಿದ್ದರೆ ಅವರು ನಿಯಮಗಿರಿಯನ್ನು ಅರ್ಧ ಓದಿದ್ದಾರೆ. ಗ್ರಾಮಸಭೆಯ ಠರಾವು ಖಂಡಿತ ಮಾಡಿ. ಅದು ಒಳ್ಳೆಯ ಸಾಕ್ಷಿ. ಅದೇ ತೀರ್ಪು ಅಂದುಕೊಂಡು ಮನೆಗೆ ಹೋಗಿ ಮಲಗಬೇಡಿ.

ನಿಮಗೆ ಹತ್ತಿರದ ಉದಾಹರಣೆ ನಮ್ಮಲ್ಲೇ ಇದೆ. 1984ರಲ್ಲಿ ರಾಜ್ಯ ಸರ್ಕಾರ ಸುಮಾರು 75,000 ಎಕರೆ ಸಾರ್ವಜನಿಕ ಜಾಗವನ್ನು ಕರ್ನಾಟಕ ಪಲ್ಪ್‌ವುಡ್ಸ್ ಅನ್ನುವ ಜಂಟಿ ಕಂಪನಿಗೆ ಕೊಟ್ಟಿತು. ಹರಿಹರದ ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಯಲು. ಅದು ಕಲ್ಲು ಗಣಿ ಅಲ್ಲ, ನಿಜ. ಆದರೆ ಪ್ರಶ್ನೆ ನಿಮ್ಮದೇ: ಊರ ದನ ಮೇಯುವ ಜಾಗ, ಸೌದೆ ತರುವ ಜಾಗ ಒಂದು ಕಾರ್ಖಾನೆಯ ಕಚ್ಚಾಮಾಲಿಗೆ ಹೋಗಬೇಕಾ? ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆ ಮತ್ತು ಸಾಹಿತಿ ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತರು, ಆ ಜಾಗದಲ್ಲಿ ಊರಿಗೆ ಬೇಕಾದ ಸಸಿ ಹಚ್ಚಿದರು. ಕಿತ್ತಿದ್ದಕ್ಕಿಂತ ಹಚ್ಚಿದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ. ಈ ಜಾಗ ಖಾಲಿ ಬಿದ್ದಿಲ್ಲ, ನಮಗೆ ಇದು ಬೇಕು ಅಂತ ಕೈಯಾರೆ ತೋರಿಸಿದ ಹಾಗೆ. ಕಂಪನಿ 1991ರಲ್ಲಿ ಮುಚ್ಚಿತು. ಏಳು ವರ್ಷ ಹಿಡಿಯಿತು, ನೋಡಿ.

ಬಳ್ಳಾರಿಯಲ್ಲಿ ಬೀಗ ಇನ್ನೊಂದು ಥರದ್ದು. ಅಲ್ಲಿ ಗಣಿ ಬೇಕಾ ಬೇಡವಾ ಅನ್ನುವುದಕ್ಕಿಂತ ಗುತ್ತಿಗೆಯ ಗಡಿ ಕಲ್ಲು ಎಲ್ಲಿ ನೆಟ್ಟಿದ್ದಾರೆ ಅನ್ನುವುದೇ ಮುಖ್ಯ ಆಯಿತು. 2009ರಲ್ಲಿ ಅದೇ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈ ಕೊನೆಗೆ ಲೋಕಾಯುಕ್ತ ವರದಿ ಬಂತು. ಅದೇ ವಾರ ಬಳ್ಳಾರಿಯಲ್ಲಿ, ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರಿನಲ್ಲಿ ಗಣಿ ನಿಂತಿತು. ಆಮೇಲೆ ಜಂಟಿ ತಂಡಗಳು ಒಂದೊಂದೇ ಗುತ್ತಿಗೆಯನ್ನು ಅಳತೆ ಮಾಡಿದವು. ನಕ್ಷೆಯಲ್ಲಿ ಇರುವುದೆಷ್ಟು, ಅಗೆದದ್ದೆಷ್ಟು, ಮಣ್ಣು ಸುರಿದದ್ದೆಲ್ಲಿ. ಗುತ್ತಿಗೆಗಳನ್ನು ಎ, ಬಿ, ಸಿ ಅಂತ ಮೂರು ವರ್ಗ ಮಾಡಿದರು. ಗಡಿ ದಾಟಿ ಅಗೆದ ಜಾಗ ಗುತ್ತಿಗೆಯ ನೂರಕ್ಕೆ 10ಕ್ಕಿಂತ ಜಾಸ್ತಿ ಇದ್ದರೆ, ಅಥವಾ ಹೊರಗೆ ಸುರಿದ ಮಣ್ಣಿನ ಜಾಗ 15ಕ್ಕಿಂತ ಜಾಸ್ತಿ ಇದ್ದರೆ ಅದು ಸಿ. 2013ರ ಏಪ್ರಿಲ್ 18ರಂದು ಸಿ ವರ್ಗದ ಗುತ್ತಿಗೆಗಳು ರದ್ದಾದವು. ಹೌದು, ನಿಯಮಗಿರಿ ತೀರ್ಪು ಬಂದ ದಿನವೇ. ಅಷ್ಟು ದೊಡ್ಡ ದುಡ್ಡಿನ, ಅಷ್ಟು ದೊಡ್ಡ ಹೆಸರುಗಳ ಸಾಮ್ರಾಜ್ಯ ಕೊನೆಗೆ ಸಿಕ್ಕಿಬಿದ್ದದ್ದು ಸರ್ವೆ ಅಳತೆಗೆ.

ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿ ಗುತ್ತಿಗೆಯ ಅವಧಿ 1999ರಲ್ಲೇ ಮುಗಿದಿತ್ತು. ಜಾಗ 1987ರಿಂದ ರಾಷ್ಟ್ರೀಯ ಉದ್ಯಾನ. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಜೊತೆಗೆ ಭದ್ರಾ ನದಿಗೆ ಗಣಿಯಿಂದ ಎಷ್ಟು ಹೂಳು ಇಳಿಯುತ್ತಿದೆ ಅಂತ ವಿಜ್ಞಾನಿಗಳು ಮಳೆಗಾಲದಲ್ಲಿ ನಿಂತು ಅಳೆದರು. 2002ರಲ್ಲಿ ಆದೇಶ ಬಂತು, 2005ರ ಕೊನೆಗೆ ಗಣಿ ನಿಂತಿತು.

ನಿಮ್ಮದು ಕಲ್ಲು ಕ್ವಾರಿ. ಕಲ್ಲು ಉಪಖನಿಜ, ಹಾಗಾಗಿ ರಾಜ್ಯದ 1994ರ ಉಪಖನಿಜ ನಿಯಮಗಳ ಕೆಳಗೆ ಬರುತ್ತದೆ. ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಅರ್ಜಿ ಹೋದ ಮೇಲೆ ಅವರು ಕಂದಾಯ ಇಲಾಖೆಯನ್ನೂ ಅರಣ್ಯ ಇಲಾಖೆಯನ್ನೂ ಕೇಳುತ್ತಾರೆ, ನಿಮ್ಮದೇನಾದರೂ ತಕರಾರು ಇದೆಯಾ ಅಂತ. ಆ ನಿರಾಕ್ಷೇಪಣಾ ಪತ್ರದ ಹಂತವೇ ನಿಮಗೆ ಬಂಗಾರದ ಸಮಯ. ಇಲ್ಲಿ ತಡೆದರೆ ಖರ್ಚು ಬಸ್ ಚಾರ್ಜು, ಜೆರಾಕ್ಸು. ಗುತ್ತಿಗೆ ಆದ ಮೇಲೆ ತಡೆಯಲು ವಕೀಲರು ಬೇಕು. ಆದ್ದರಿಂದ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ: ಮೂರೂ ಅರ್ಜಿಗಳ ನಕಲು, ನಕ್ಷೆ, ಗ್ರಾಮ ಆಡಳಿತಾಧಿಕಾರಿ ಮತ್ತು ಸರ್ವೆಯರ್ ಕೊಟ್ಟ ವರದಿ, ಸ್ಥಳ ಮಹಜರು. 30 ದಿನದಲ್ಲಿ ಉತ್ತರ ಬರಬೇಕು. "ಎಲ್ಲಾ ದಾಖಲೆ ಕೊಡಿ" ಅಂತ ಬರೆಯಬೇಡಿ. ಹಾಗೆ ಬರೆದರೆ "ಯಾವ ದಾಖಲೆ ಅಂತ ಸ್ಪಷ್ಟಪಡಿಸಿ" ಅಂತ ಹಿಂಬರಹ ಬರುತ್ತದೆ, ಒಂದು ತಿಂಗಳು ಹೋಯಿತು.

ಆ ಮಹಜರು ಕೈಗೆ ಬಂದಾಗ ಓದಿ ನೋಡಿ, ಒಮ್ಮೊಮ್ಮೆ ನಗು ಬರುತ್ತದೆ. ಕೆಲ ವರ್ಷದ ಹಿಂದೆ ನಾನು ಹೋಗಿದ್ದ ಒಂದು ಊರಿನ ವರದಿಯಲ್ಲಿ "ಸದರಿ ಜಾಗದಲ್ಲಿ ಯಾವುದೇ ಹಳ್ಳಕೊಳ್ಳ ಇರುವುದಿಲ್ಲ" ಅಂತಿತ್ತು. ಬೇಸಿಗೆಯಲ್ಲಿ ನೋಡಿದರೆ ನಿಜವೇ, ಬರೀ ಕಲ್ಲು. ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನು ಕರೆದುಕೊಂಡು ಹೋಗಿ ಲಕ್ಕಿ ಗಿಡದ ಒಂದು ಸಾಲು ತೋರಿಸಿದರು. ಗುಡ್ಡದ ಅರ್ಧದಿಂದ ಕೆಳಗಿನ ಹೊಲದವರೆಗೆ ಅಂಕುಡೊಂಕಾಗಿ ಇಳಿದಿತ್ತು. "ನೀರಿಲ್ದೆ ಲಕ್ಕಿ ಬರ್ತದೇನಪ್ಪ?" ಅಂದರು. ತಾಲ್ಲೂಕಿನಲ್ಲಿ ಗ್ರಾಮ ನಕ್ಷೆ ತೆಗೆಸಿದೆವು. ಅದೇ ಜಾಗದಲ್ಲಿ ಹಳ್ಳದ ಎರಡು ಗೆರೆ ಸ್ಪಷ್ಟವಾಗಿ ಇದ್ದವು, ಗುತ್ತಿಗೆ ನಕ್ಷೆಯ ನಟ್ಟನಡುವೆ. ಮತ್ತೆ ಸರ್ವೆ ಆಯಿತು. ಈ ಸಲ ಮಹಜರಿಗೆ ಅಜ್ಜಿಯೂ ಹೆಬ್ಬೆಟ್ಟು ಒತ್ತಿದರು. ಕ್ವಾರಿ ಪೂರ್ತಿ ನಿಲ್ಲಲಿಲ್ಲ, ಸುಳ್ಳು ಹೇಳುವುದಿಲ್ಲ. ಹಳ್ಳದಿಂದ ಆಚೆ ಸರಿಯಿತು. ಕೆರೆ ಉಳಿಯಿತು.

ಈಗ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ಒಂದು ವಿಷಯ. ತಲಾ ನಾಲ್ಕೂವರೆ, ಐದು ಎಕರೆಯ ಮೂರು ಅರ್ಜಿ ಅಂದಿದ್ದೀರಿ. ಯಾಕೆ ಒಂದೇ ದೊಡ್ಡ ಅರ್ಜಿ ಅಲ್ಲ? 5 ಹೆಕ್ಟೇರ್‌ವರೆಗಿನ, ಅಂದರೆ ಸುಮಾರು ಹನ್ನೆರಡೂವರೆ ಎಕರೆಯೊಳಗಿನ ಕ್ವಾರಿಗೆ ಪರಿಸರ ಅನುಮತಿ ಬೇಕು, ಆದರೆ ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲ. 2012ರಲ್ಲಿ ದೀಪಕ್ ಕುಮಾರ್ ಪ್ರಕರಣದ ಮೊದಲು ಇಷ್ಟು ಸಣ್ಣ ಕ್ವಾರಿಗಳಿಗೆ ಆ ಅನುಮತಿಯೂ ಬೇಕಿರಲಿಲ್ಲ. ಸುಪ್ರೀಂ ಕೋರ್ಟ್ ಅದನ್ನು ಬದಲಿಸಿದ್ದೇ ಈ ತುಂಡು ಮಾಡುವ ಉಪಾಯ ನೋಡಿ. ಈಗಿನ ನಿಯಮದಲ್ಲಿ ಒಂದು ಗುತ್ತಿಗೆಯ ಅಂಚಿನಿಂದ ಇನ್ನೊಂದರ ಅಂಚಿಗೆ 500 ಮೀಟರ್‌ಗಿಂತ ಕಡಿಮೆ ಇದ್ದರೆ ಎಲ್ಲವನ್ನೂ ಸೇರಿಸಿ ಒಂದೇ ಗುಂಪು ಅಂತ ಲೆಕ್ಕ ಹಾಕಬೇಕು. ಗುಂಪು 5 ಹೆಕ್ಟೇರ್ ದಾಟಿದರೆ ಪರಿಸರ ಪರಿಣಾಮದ ಅಧ್ಯಯನವೂ ಬೇಕು, ಅಹವಾಲು ಸಭೆಯೂ ಬೇಕು. ನಿಮ್ಮ ಮೂರೂ ಸೇರಿದರೆ 14 ಎಕರೆ, ಐದೂವರೆ ಹೆಕ್ಟೇರಿಗೂ ಮೇಲೆ. ಟೇಪು ಹಿಡಿದು ಅಳೆಯಿರಿ. ಗುಡ್ಡದ ಆಚೆ ಬದಿಯಲ್ಲಿ ಈಗಾಗಲೇ ನಡೆಯುತ್ತಿರುವ ಕ್ವಾರಿ ಇದ್ದರೆ ಅದನ್ನೂ ಬರೆದುಕೊಳ್ಳಿ.

ಪರಿಸರ ಅನುಮತಿಗೆ ಹಾಕಿದ ಅರ್ಜಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಇರುತ್ತದೆ. ಊರು ಎಷ್ಟು ದೂರ, ಶಾಲೆ ಎಷ್ಟು ದೂರ, ಕೆರೆ ಎಷ್ಟು ದೂರ ಅಂತ ಅದರಲ್ಲಿ ಬರೆದಿರುತ್ತಾರೆ. ಅಲ್ಲಿ ಸುಳ್ಳು ಇದ್ದರೆ ನಿಮಗೆ ಅನುಕೂಲವೇ. ಬೇಕೆಂದೇ ಸುಳ್ಳು ಮಾಹಿತಿ ಕೊಟ್ಟು ಪಡೆದ ಅನುಮತಿಯನ್ನು ರದ್ದು ಮಾಡಬಹುದು ಅಂತ 2006ರ ಅಧಿಸೂಚನೆಯಲ್ಲೇ ಇದೆ.

ಅಹವಾಲು ಸಭೆ ನಡೆದರೆ ಒಂದು ಮಾತು ನೆನಪಿರಲಿ. ಅದು ಮತದಾನ ಅಲ್ಲ. ಸಾವಿರ ಜನ ಬೇಡ ಅಂದರೂ ಅಷ್ಟಕ್ಕೇ ಯೋಜನೆ ಬಿದ್ದುಹೋಗುವುದಿಲ್ಲ. ನಾನು ಕೂತಿದ್ದ ಒಂದು ಸಭೆಯಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಹುಡುಗರು ಶಾಮಿಯಾನದ ಕಂಬ ಅಲ್ಲಾಡಿಸಿ, ಘೋಷಣೆ ಕೂಗಿ, ಸಭೆ ಬಹಿಷ್ಕರಿಸಿ ಹೊರಟುಹೋದರು. ಊಟದ ಹೊತ್ತಿಗೆ ಕ್ವಾರಿ ಪರದವರು ನಲವತ್ತು ಜನ ನಿಧಾನವಾಗಿ ಮೈಕ್ ಹಿಡಿದು ಮಾತಾಡಿದರು. ನಡಾವಳಿಯಲ್ಲಿ ಉಳಿದದ್ದು ಅವರ ಮಾತೇ. ಕ್ಯಾಮೆರಾ ಓಡುತ್ತಿರುತ್ತದೆ, ಕೊನೆಗೆ ನಡಾವಳಿ ಓದಿ ಹೇಳಬೇಕು. ಅಲ್ಲಿವರೆಗೆ ಯಾರೂ ಏಳಬಾರದು. ಎಲ್ಲರೂ ಒಂದೇ ಭಾಷಣ ಮಾಡುವ ಬದಲು ಒಬ್ಬರು ಬೋರ್‌ವೆಲ್ ಬಗ್ಗೆ, ಒಬ್ಬರು ಶಾಲೆ ದಾರಿಯಲ್ಲಿ ಟಿಪ್ಪರ್ ಬಗ್ಗೆ, ಇನ್ನೊಬ್ಬರು ಗೋಮಾಳದ ಲೆಕ್ಕದ ಬಗ್ಗೆ ಹೇಳಲಿ. ಹೇಳಿದ್ದನ್ನೇ ಬರೆದು ಕೊಟ್ಟು ಸೀಲು ಹಾಕಿಸಿಕೊಳ್ಳಿ. ಸೀಲಿಲ್ಲದ ಮನವಿ ಕೊಟ್ಟಿಲ್ಲದ ಮನವಿ.

ಅನುಮತಿ ಕೊಟ್ಟೇ ಬಿಟ್ಟರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದೆ. ನಮಗೆ ಚೆನ್ನೈನ ದಕ್ಷಿಣ ಪೀಠ. ಮೇಲ್ಮನವಿಗೆ 30 ದಿನ, ಸರಿಯಾದ ಕಾರಣ ಇದ್ದರೆ ಇನ್ನು 60 ದಿನ. ಅದಾದ ಮೇಲೆ ಹೋದರೆ ನಿಮ್ಮ ಕೈಯಲ್ಲಿ ಎಷ್ಟೇ ಒಳ್ಳೆಯ ಸಾಕ್ಷಿ ಇದ್ದರೂ ಮೇಲ್ಮನವಿ ತೆಗೆದುಕೊಳ್ಳುವುದಿಲ್ಲ. ಎಷ್ಟೋ ಊರಿನವರು "ಕ್ವಾರಿ ಶುರುವಾಗಲಿ, ಆಮೇಲೆ ನೋಡೋಣ" ಅಂತ ಕಾದು ಈ ದಿನ ಕಳೆದುಕೊಂಡಿದ್ದಾರೆ. ಹುಡುಗರಲ್ಲಿ ಒಬ್ಬರಿಗೆ ಇದೊಂದೇ ಕೆಲಸ ಕೊಡಿ: ವಾರಕ್ಕೊಮ್ಮೆ ಪೋರ್ಟಲ್ ತೆರೆದು ನೋಡುವುದು.

ಈ ಕಾಗದದ ಕೆಲಸ ನಡೆಯುತ್ತಿರುವಾಗಲೇ ಊರಲ್ಲಿ ಇನ್ನೊಂದು ದಾಖಲೆ ಬೆಳೆಸಿ. ಬಾವಿಯ ನೀರು ಎಷ್ಟು ಆಳದಲ್ಲಿದೆ ಅಂತ ತಿಂಗಳ ಮೊದಲ ದಿನ ಹಗ್ಗ ಇಳಿಸಿ ಅಳೆದು ಬರೆಯಿರಿ. ಯಾರ ಬೋರ್‌ವೆಲ್ ಎಷ್ಟು ಅಡಿ, ಯಾವ ವರ್ಷ ಕೊರೆಸಿದ್ದು ಅಂತ ಪಟ್ಟಿ ಮಾಡಿ. ಗುಡ್ಡಕ್ಕೆ ಹತ್ತಿರದ ಮನೆಗಳ ಗೋಡೆಗಳನ್ನು ಈಗಲೇ ಫೋಟೊ ತೆಗೆದಿಡಿ. ಹಳೆಯ ಬಿರುಕು ಇದ್ದರೆ ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಹಾಕಿ ತಾರೀಖು ಬರೆಯಿರಿ, ಮೇಲೆ ಅಡ್ಡಲಾಗಿ ಒಂದು ಗಾಜಿನ ಚೂರು ಅಂಟಿಸಿ. ಸಿಡಿತದ ಅದುರಿಗೆ ಬಿರುಕು ಹಿಗ್ಗಿದರೆ ಗಾಜು ಒಡೆಯುತ್ತದೆ. ಕ್ವಾರಿ ಶುರುವಾದ ಮೇಲೆ ತೆಗೆದ ಫೋಟೊಗೆ "ಇದು ಮೊದಲೇ ಇತ್ತು" ಅನ್ನುತ್ತಾರೆ. ಸಿಡಿತ ಅಂದರೆ ಬರೀ ಗೋಡೆಯ ಮಾತೂ ಅಲ್ಲ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ. ಎರಡು ಕಡೆಯೂ ಕ್ವಾರಿಯ ಸ್ಫೋಟಕ ಸಿಡಿದು ಜನ ಸತ್ತರು.

ಅಲ್ಲಿಂದ ನಿಮ್ಮ ಕಷ್ಟದ ಪ್ರಶ್ನೆಗೆ ಬರುತ್ತೇನೆ. ಊರಲ್ಲಿ ಕ್ವಾರಿ ಪರ ಇರುವವರು. ದಯವಿಟ್ಟು ಅವರನ್ನು 'ದುಡ್ಡು ತಿಂದವರು' ಅಂತ ಗುಂಪಿನಲ್ಲಿ ಹಾಕಬೇಡಿ. ಕೆಲವರು ತಿಂದಿರಬಹುದು. ಆದರೆ ಟ್ರ್ಯಾಕ್ಟರ್ ಸಾಲ ಕಟ್ಟಬೇಕಾದವನಿಗೆ, ಮಗನನ್ನು ಬೆಂಗಳೂರಿಗೆ ಕಳಿಸಲು ಇಷ್ಟವಿಲ್ಲದ ತಾಯಿಗೆ ಕ್ವಾರಿ ಅಂದರೆ ಮನೆ ಹತ್ತಿರದ ಕೂಲಿ. ಕುದುರೆಮುಖ ಗೆದ್ದಿತು ಅಂತ ನಾವು ಖುಷಿಪಡುತ್ತೇವೆ. ಗಣಿ ನಂಬಿ ಬೆಳೆದ ಊರು ಆಮೇಲೆ ಖಾಲಿಯಾಯಿತು. ಬಳ್ಳಾರಿಯಲ್ಲೂ ಲಾರಿ ನಂಬಿದವರು ಬೀದಿಗೆ ಬಂದರು. ಅದನ್ನು ಮುಚ್ಚಿಟ್ಟು ಮಾತಾಡಿದರೆ ನಿಮ್ಮೂರಿನವರೇ ನಂಬುವುದಿಲ್ಲ. ಎಷ್ಟು ಜನಕ್ಕೆ ಕೆಲಸ, ಎಷ್ಟು ವರ್ಷ, ಹೊರಗಿನವರೆಷ್ಟು, ಯಂತ್ರ ಎಷ್ಟು ಅಂತ ಎಲ್ಲರೆದುರಿಗೆ ಕೂತು ಲೆಕ್ಕ ಹಾಕಿ. ಗುಡ್ಡದ ಮೇಲೆ ಈಗ ಎಷ್ಟು ಕುರಿ ಮೇಯುತ್ತವೆ, ಅದರಿಂದ ಎಷ್ಟು ಮನೆ ನಡೆಯುತ್ತವೆ ಅನ್ನುವುದೂ ಅದೇ ಹಾಳೆಯಲ್ಲಿ ಬರಲಿ. ಕುರಿಯವರು ಸಭೆಗೆ ಬರುವುದು ಕಡಿಮೆ, ಬಂದರೂ ಹಿಂದೆ ನಿಲ್ಲುತ್ತಾರೆ. ಅವರು ಬರುವ ಹೊತ್ತಿಗೆ, ಅಂದರೆ ರಾತ್ರಿ, ಸಭೆ ಇಡಿ. ಹೆಂಗಸರು ಇಲ್ಲದ ಸಭೆಯಲ್ಲಿ ನೀರಿನ ಮಾತು ಎರಡೇ ನಿಮಿಷಕ್ಕೆ ಮುಗಿಯುತ್ತದೆ, ಅದೂ ಗೊತ್ತಿರಲಿ.

ರಸ್ತೆ ತಡೆ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಈಗ ಬೇಡ. ರಸ್ತೆ ತಡೆದರೆ ಕೇಸು ಬೀಳುತ್ತದೆ, ಆಮೇಲೆ ಚುರುಕಿನ ಹುಡುಗರೆಲ್ಲ ವರ್ಷಗಟ್ಟಲೆ ತಾರೀಖಿಗೆ ಅಲೆಯುತ್ತಾರೆ. ಗುಡ್ಡದ ಕೆಲಸ ಮಾಡುವವರು ಯಾರು? ಕಪ್ಪತಗುಡ್ಡದವರನ್ನು ನೋಡಿ. 2015ರಲ್ಲಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದ ಸರ್ಕಾರ 2016ರಲ್ಲಿ ಅದನ್ನು ವಾಪಸ್ ತೆಗೆದುಕೊಂಡಿತು. ಆಗ ಗದಗದಲ್ಲಿ ತೋಂಟದ ಸಿದ್ಧಲಿಂಗ ಸ್ವಾಮಿಗಳ ಜೊತೆ ಜನ ಬೀದಿಗೆ ಬಂದರು. ಕೈಯಲ್ಲಿ ಸರ್ಕಾರವೇ ಹಿಂದೆ ಬರೆದುಕೊಟ್ಟ ಕಾಗದ ಇತ್ತು, ಅದನ್ನು ವಾಪಸ್ ಕೊಡಿ ಅಂದರು. 2017ರಲ್ಲಿ ಸಿಕ್ಕಿತು, 2019ರಲ್ಲಿ ಅದು ವನ್ಯಜೀವಿ ಧಾಮವೂ ಆಯಿತು. ಹಾಗೆ, ಕೇಳುವುದು ಏನು ಅಂತ ಒಂದು ಸಾಲಿನಲ್ಲಿ ಹೇಳಲು ಬಂದಾಗ ಬೀದಿಗೆ ಇಳಿಯಿರಿ.

ಇನ್ನೊಂದು ಸಣ್ಣ ಎಚ್ಚರಿಕೆ. ಅರ್ಜಿದಾರರು ಸಿವಿಲ್ ಕೋರ್ಟಿಗೆ ಹೋಗಿ ನಿಮ್ಮ ಮೇಲೆ ಏಕಪಕ್ಷೀಯ ತಡೆಯಾಜ್ಞೆ ತರಬಹುದು. ಮೊದಲೇ ಕೇವಿಯಟ್, ಅಂದರೆ ನಮ್ಮ ಮಾತನ್ನೂ ಕೇಳಿ ಅನ್ನುವ ಮುನ್ನೆಚ್ಚರಿಕೆಯ ಅರ್ಜಿ, ಹಾಕಿದ್ದರೆ ನಿಮ್ಮನ್ನು ಕೇಳದೆ ಆದೇಶ ಆಗುವುದಿಲ್ಲ. 90 ದಿನ ನಡೆಯುತ್ತದೆ, ಆಮೇಲೆ ಮತ್ತೆ ಹಾಕಬೇಕು. ತಾಲ್ಲೂಕಿನ ಯಾವ ವಕೀಲರಾದರೂ ಮಾಡಿಕೊಡುತ್ತಾರೆ.

ಸೋಮವಾರ ತಾಲ್ಲೂಕು ಕಚೇರಿಗೆ ಹೋಗುವಾಗ ಇಬ್ಬರು ಹೋಗಿ, ಒಬ್ಬರು ವಯಸ್ಸಾದವರಿರಲಿ. ಪಹಣಿ, ಗ್ರಾಮ ನಕ್ಷೆ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಖರಾಬು ಇರುವ ಸರ್ವೆ ದಾಖಲೆ) ಮೂರೂ ಕೇಳಿ. ಅಲ್ಲೇ ಮಾಹಿತಿ ಹಕ್ಕಿನ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಂಡು ಬನ್ನಿ. ಗುಂಪಿಗೆ ಫೋಟೊ ಹಾಕಿ, ಮೂಲ ಪ್ರತಿ ಮಾತ್ರ ಯಾರಾದರೂ ಒಬ್ಬರ ಮನೆಯ ಟ್ರಂಕಿನಲ್ಲಿ ಇರಲಿ. ಪಹಣಿಯಲ್ಲಿ ಏನು ಬರೆದಿದೆ ಅಂತ ನನಗೂ ತಿಳಿಸಿ, ಆಮೇಲೆ ಮುಂದಿನ ಮಾತು ಆಡೋಣ.